ಹಾಡಿನ ಪೆಟ್ಟಿಗೆ: ಮನೆಯಲ್ಲಿ ಉಳಿದದ್ದು, ಗುಜರಿಗೆ ಹೋದದ್ದು

ಮನೆಯಲ್ಲಿರುವ ಹಾಡಿನ ಪೆಟ್ಟಿಗೆ ಹಳತಾದಾಗ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಕೊಟ್ಟು ಹೊಸದು ತರುವುದೋ ಎಂಬ ಲೆಕ್ಕಾಚಾರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಗ್ರಾಮಾಫೋನಿನ ಜಾಗಕ್ಕೆ ರೇಡಿಯೊ, ವಾಲ್ವ್ ರೇಡಿಯೊದ ಜಾಗಕ್ಕೆ ಟ್ರಾನ್ಸಿಸ್ಟರ್, ರೆಕಾರ್ಡ್ ಪ್ಲೇಯರಿನ ಜಾಗಕ್ಕೆ ಟೇಪ್ ರೆಕಾರ್ಡರ್, ಅದರ ಜಾಗಕ್ಕೆ ಸಿ.ಡಿ., ಕೊನೆಗೆ ಎಲ್ಲದರ ಜಾಗಕ್ಕೂ ಮೊಬೈಲು ಬಂದಿದೆ. ಹಳೆಯದು ಕೆಟ್ಟಿತು, ಅದಕ್ಕೇ ಹೊಸದು ಬಂತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಎಷ್ಟೋ ಯಂತ್ರಗಳು ಚೆನ್ನಾಗಿ ನಡೆಯುತ್ತಿದ್ದಾಗಲೇ ಅಟ್ಟ ಸೇರಿವೆ. ಅವಕ್ಕೆ ಹಾಕಲು ಪ್ಲೇಟೋ ಕ್ಯಾಸೆಟ್ಟೋ ಅಂಗಡಿಯಲ್ಲಿ ಸಿಗದೆ ಹೋದದ್ದು ಒಂದು ಕಾರಣ, ರಿಪೇರಿ ಮಾಡುವವರು ಕಡಿಮೆಯಾದದ್ದು ಇನ್ನೊಂದು.

ದೊಡ್ಡ ಊರಿನ ಅನುಕೂಲಸ್ಥರ ಮನೆಗಳಿಗಿಂತ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರಿನಂತಹ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡರೆ ಈ ಮಾತು ಹೆಚ್ಚು ಸ್ಪಷ್ಟವಾಗುತ್ತದೆ. ಮಳೆ ಕಡಿಮೆಯ ಸೀಮೆ. ಚಳ್ಳಕೆರೆ ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದರೆ, ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾಯಿತು. ಗಡಿ ದಾಟಿದರೆ ಆಂಧ್ರದ ರಾಯದುರ್ಗ. ಮನೆಯೊಳಗೆ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಕೈಗೆ ದುಡ್ಡು ಬರುವುದು ಸುಗ್ಗಿಯಾದಾಗ, ಇಲ್ಲವೆ ಸೀರೆ ಮಾರಾಟವಾದಾಗ. ಇಂಥ ಕಡೆ ಒಮ್ಮೆ ತಂದ ಯಂತ್ರ ಬಹಳ ವರ್ಷ ಬಾಳಬೇಕು. ಬದಲಿಸುವ ತೀರ್ಮಾನದ ಹಿಂದೆ ಷೋಕಿಗಿಂತ ಬಲವಾದ ಕಾರಣ ಇರಬೇಕಾಗುತ್ತದೆ.

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ಶುರುವಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ಗಾಯಕಿಯರಲ್ಲಿ ಗೌಹರ್ ಜಾನ್ ಹೆಸರು ದೊಡ್ಡದು. ಆಕೆಯ ಕೊನೆಯ ದಿನಗಳು ಕಳೆದದ್ದು ಕರ್ನಾಟಕದಲ್ಲಿ: 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕಾಲದ ಪ್ಲೇಟು ಅರಗಿನದು. ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡುತ್ತಿತ್ತು. ಕೈಜಾರಿದರೆ ಚೂರು. ಉಕ್ಕಿನ ಸೂಜಿಯನ್ನು ಮಗ್ಗುಲಿಗೊಂದರಂತೆ ಬದಲಿಸಬೇಕಿತ್ತು. ದುಡ್ಡು ಉಳಿಸಲು ಅದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿದವರು ಪ್ಲೇಟಿನ ಗೆರೆಯನ್ನೇ ಸವೆಸಿಕೊಂಡರು. ಯಂತ್ರಕ್ಕೆ ಕರೆಂಟು ಬೇಕಿರಲಿಲ್ಲ, ಕೀಲಿ ಕೊಟ್ಟರೆ ಸಾಕು. ವಿದ್ಯುತ್ತು ಬಾರದ ಊರುಗಳಲ್ಲಿ ಅದು ಬಹಳ ಕಾಲ ನಿಂತದ್ದು ಈ ಒಂದು ಗುಣದಿಂದ.

ರೇಡಿಯೊ ಬಂದಾಗ ಮೊದಲ ಬಾರಿಗೆ ಪ್ಲೇಟು ಕೊಳ್ಳುವ ಖರ್ಚು ತಪ್ಪಿತು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕಿದ್ದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹತ್ತಿಕೊಂಡಿತು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಕೇಂದ್ರಗಳು ಬಂದವು. 1952ರ ಹೊತ್ತಿಗೆ ಕೇಂದ್ರದ ಪ್ರಸಾರ ಮಂತ್ರಿ ಬಿ. ವಿ. ಕೇಸ್ಕರ್ ಸಿನಿಮಾ ಹಾಡಿಗೆ ಆಕಾಶವಾಣಿಯಲ್ಲಿ ಕಡಿವಾಣ ಹಾಕಿದ್ದರಿಂದ ಕೇಳುಗರು ಶಾರ್ಟ್‌ವೇವಿನಲ್ಲಿ ಬರುತ್ತಿದ್ದ ರೇಡಿಯೊ ಸಿಲೋನಿನ ಕಡೆ ತಿರುಗಿದರು. ಶಾರ್ಟ್‌ವೇವ್ ಹಿಡಿಯುವ ಸೆಟ್ಟಿಗೆ ಬೆಲೆ ಬಂತು, ಬರೀ ಮೀಡಿಯಂ ವೇವ್ ಇದ್ದ ಸೆಟ್ಟು ಹಳತೆನಿಸಿತು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಶುರುವಾದ ಮೇಲೆ ಸಿನಿಮಾ ಹಾಡು ಆಕಾಶವಾಣಿಗೆ ಮರಳಿತು. ಮಂತ್ರಿಯೊಬ್ಬರ ಅಭಿರುಚಿಯಿಂದ ಮನೆಯ ರೇಡಿಯೊ ಬದಲಾಯಿತು ಎಂದರೆ ಅತಿಶಯೋಕ್ತಿಯಲ್ಲ.

ವಾಲ್ವ್ ರೇಡಿಯೊ ಎಂದರೆ ಮರದ ದೊಡ್ಡ ಪೆಟ್ಟಿಗೆ, ಗೋಡೆಗೆ ಹೊಡೆದ ಹಲಗೆ, ಮೇಲೊಂದು ಕಸೂತಿ ಬಟ್ಟೆ, ಮಾಳಿಗೆಯ ಮೇಲೆ ಏರಿಯಲ್ ತಂತಿ. ವರ್ಷವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ದುಡ್ಡು ಕಟ್ಟಬೇಕಿತ್ತು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ಗುಂಡಿ ಒತ್ತಿದ ಮೇಲೆ ವಾಲ್ವ್ ಕಾದು ಕೆಂಪಗಾಗುವವರೆಗೆ ಸದ್ದಿಲ್ಲ. ವಾಲ್ವ್ ಸುಟ್ಟರೆ ಅದನ್ನಷ್ಟೇ ಕಿತ್ತು ಹೊಸದನ್ನು ಕೂರಿಸಬಹುದಿತ್ತು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸತೊಡಗಿತು. ಹಳೆಯದಕ್ಕೆ ಬಿಡಿಭಾಗ, ಅದನ್ನು ಮೂಲೆಗೆ ತಳ್ಳುವ ಹೊಸ ಭಾಗ, ಎರಡೂ ಒಂದೇ ಕಾರ್ಖಾನೆಯಿಂದ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಬಂದವು.

ಟ್ರಾನ್ಸಿಸ್ಟರ್ ರೇಡಿಯೊ ಗೆದ್ದದ್ದು ಸದ್ದಿನ ಗುಣದಿಂದಲ್ಲ. ಆ ವಿಷಯದಲ್ಲಿ ಮರದ ಪೆಟ್ಟಿಗೆಯೇ ಮೇಲು. ಆದರೆ ಟ್ರಾನ್ಸಿಸ್ಟರು ಟಾರ್ಚಿನ ಶೆಲ್ಲಿನಲ್ಲಿ ನಡೆಯಿತು, ಹೊಲಕ್ಕೆ, ಕುರಿಹಟ್ಟಿಗೆ, ಮಗ್ಗದ ಪಕ್ಕಕ್ಕೆ ಬಂತು. ಮಗ್ಗದ ಮುಂದೆ ಕೂತವರಿಗೆ ಕಣ್ಣು, ಕೈ, ಕಾಲು ಮೂರಕ್ಕೂ ಪುರಸೊತ್ತಿಲ್ಲ. ಬಿಡುವಿರುವುದು ಕಿವಿಗೆ ಮಾತ್ರ. ಮುಂದೆ ಟಿ.ವಿ. ಬಂದಾಗಲೂ ನೇಕಾರರ ಮನೆಯಿಂದ ರೇಡಿಯೊವನ್ನು ಸುಲಭವಾಗಿ ಹೊರಗಟ್ಟಲು ಆಗದಿದ್ದುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

‘ಸ್ಟೀರಿಯೊ’ ಎಂಬ ಮಾತು ಇಲ್ಲಿಗೆ ಬಂದದ್ದು ರೆಕಾರ್ಡ್ ಪ್ಲೇಯರಿನ ಜೊತೆ. ಎಡ ಬಲ ಎರಡು ಸದ್ದುಗಳನ್ನು ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಕೊರೆಯುವ ವಿಧಾನಕ್ಕೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದ. ಮಾರುಕಟ್ಟೆಗೆ ಅಂಥ ರೆಕಾರ್ಡು ಬರಲು 1950ರ ದಶಕದ ಕೊನೆಯಾಯಿತು. ಅದಕ್ಕೂ ಮೊದಲು, 1948ರಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಿನ ಎಲ್.ಪಿ. ಹೊರಡಿಸಿತ್ತು. ಕೀಲಿ ಗ್ರಾಮಾಫೋನು ಇದನ್ನು ನುಡಿಸಲಾರದು. ಅದರ ಭಾರದ ತಲೆಯೂ ಉಕ್ಕಿನ ಸೂಜಿಯೂ ಮೆತ್ತನೆಯ ವಿನೈಲನ್ನು ಉತ್ತುಬಿಡುತ್ತವೆ. ಹೊಸ ಹಾಡೆಲ್ಲ ಹೊಸ ಪ್ಲೇಟಿನಲ್ಲೇ ಬರತೊಡಗಿದಾಗ ಹಳೆಯ ಯಂತ್ರವನ್ನು ಉಳಿಸಿಕೊಂಡರೂ ಅದರಿಂದ ಕೇಳಬಹುದಾದದ್ದು ಹಳೆಯ ಹಾಡು ಮಾತ್ರ ಎಂಬ ಸ್ಥಿತಿ ಬಂತು.

ಸಣ್ಣ ಊರುಗಳಲ್ಲಿ ಮನೆಗೆ ರೆಕಾರ್ಡ್ ಪ್ಲೇಯರ್ ತಂದವರು ಕೆಲವರೇ. ಹಾಡಿನ ಪ್ಲೇಟು ಕಿವಿಗೆ ಬೀಳುತ್ತಿದ್ದುದು ಮದುವೆ ಮನೆಯ, ಟೂರಿಂಗ್ ಟಾಕೀಸಿನ ಮೈಕ್ ಸೆಟ್ಟಿನಿಂದ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ. ರಾ. ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ 1972ರಲ್ಲಿ ‘ನಾಗರಹಾವು’ ಚಿತ್ರ ಬಂತು; ಚಿತ್ರದುರ್ಗದ ಸಂಗೀತಗಾರನ ಕಥೆಯಾದ ಅವರದೇ ‘ಹಂಸಗೀತೆ’ 1975ರಲ್ಲಿ ಚಿತ್ರವಾಯಿತು. ಒಂದು ಸಿನಿಮಾ ಸಂಗೀತ, ಇನ್ನೊಂದು ಶಾಸ್ತ್ರೀಯ. ಎರಡರ ಬೇರೂ ಇದೇ ಜಿಲ್ಲೆಯಲ್ಲಿದ್ದರೂ ಅವು ಜಿಲ್ಲೆಯ ಬಹುಪಾಲು ಮನೆಗಳನ್ನು ತಲುಪಿದ್ದು ರೇಡಿಯೊದಿಂದ, ಆಮೇಲೆ ಕ್ಯಾಸೆಟ್ಟಿನಿಂದ.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ತೋರಿಸಿತು. ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾದ ಟೇಪು, ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ಕಡಿಮೆ ವೇಗ. ಮೊದಲಿಗೆ ಮಾತು ಬರೆದುಕೊಳ್ಳಲೆಂದು ಬಂದದ್ದು ಸಂಗೀತಕ್ಕೂ ಒಗ್ಗಿತು. ಭಾರತದಲ್ಲಿ ಅದು ಹರಡಿದ್ದು 1970ರ ದಶಕದ ಕೊನೆಯಿಂದ; ಕೊಲ್ಲಿ ದೇಶಗಳಿಂದ ಮರಳುವವರ ಸಾಮಾನಿನ ಜೊತೆ ಬಂದ, ರೇಡಿಯೊ ಮತ್ತು ಟೇಪು ಎರಡೂ ಇದ್ದ ‘ಟೂ-ಇನ್-ಒನ್’ಗಳು ದಾರಿ ತೋರಿದವು. ಕನ್ನಡಕ್ಕೆ 1978 ಮುಖ್ಯ ವರ್ಷ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಆ ವರ್ಷ ಹೊರಬಂದು, ಭಾವಗೀತೆಯ ಧ್ವನಿಸುರುಳಿಗಳ ಸಾಲು ಶುರುವಾಯಿತು. ಸಂಗೀತಾ, ಲಹರಿಯಂಥ ಕಂಪನಿಗಳು ಬೆಳೆದವು. 1987ರಲ್ಲಿ ರವಿಚಂದ್ರನ್ ಮತ್ತು ಹಂಸಲೇಖರ ‘ಪ್ರೇಮಲೋಕ’ ಬಂದಾಗ ಸಿನಿಮಾ ಹಾಡಿನ ಕ್ಯಾಸೆಟ್ಟು ತಾನೇ ಒಂದು ದೊಡ್ಡ ವ್ಯಾಪಾರವೆಂಬುದು ಎಲ್ಲರಿಗೂ ಗೊತ್ತಾಯಿತು.

ಆದರೆ ಹಳ್ಳಿಮನೆಗೆ ಟೇಪ್ ರೆಕಾರ್ಡರ್ ತರಿಸಿದ್ದು ಸಿನಿಮಾ ಹಾಡೊಂದೇ ಅಲ್ಲ. ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಧೀರೇಂದ್ರ ಗೋಪಾಲರ ಹಾಸ್ಯ ಇವೆಲ್ಲ ಓದು ಬರಹ ಬಾರದವರನ್ನೂ ಪೆಟ್ಟಿಗೆಯ ಮುಂದೆ ಕೂರಿಸಿದವು. ಪ್ಲೇಟಿನ ಮೂರು ನಿಮಿಷದಲ್ಲಿ ಹರಿಕಥೆ ಹಿಡಿಯುವುದಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತದೆ. ಜಾತ್ರೆಗಳಲ್ಲಿ ಬಳೆ, ಬೆಂಡು ಬತ್ತಾಸಿನ ಅಂಗಡಿಗಳ ಪಕ್ಕದಲ್ಲೇ ಕ್ಯಾಸೆಟ್ಟಿನ ಅಂಗಡಿ ಹಾಕುವುದು ನಾಡಿನುದ್ದಕ್ಕೂ ರೂಢಿಯಾಯಿತು. ಪಟ್ಟಣಗಳಲ್ಲಿ ‘ರೆಕಾರ್ಡಿಂಗ್ ಸೆಂಟರ್’ಗಳು ಹುಟ್ಟಿಕೊಂಡವು. ಬೇಕಾದ ಹಾಡುಗಳ ಪಟ್ಟಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟರೆ, ಎ ಸೈಡಿಗೆ ಕನ್ನಡ, ಬಿ ಸೈಡಿಗೆ ತೆಲುಗು ತುಂಬಿಸಿ ಕೊಡುತ್ತಿದ್ದರು. ಹಕ್ಕುಸ್ವಾಮ್ಯದ ಕಾನೂನಿಗೆ ಇದು ಒಪ್ಪುವ ಮಾತಲ್ಲ, ಜನಕ್ಕೆ ಮಾತ್ರ ಬಹಳ ಒಪ್ಪಿತು.

ಟೂ-ಇನ್-ಒನ್ ಆದ ಮೇಲೆ ‘ಡೆಕ್ಕು’ ಬಂತು: ಬೇರೆ ಆಂಪ್ಲಿಫೈಯರ್, ಬೇರೆ ಟೇಪ್ ಡೆಕ್, ಎರಡು ದೊಡ್ಡ ಸ್ಪೀಕರ್ ಡಬ್ಬಗಳು. ಕಲ್ಕತ್ತೆಯ ಸೋನೊಡೈನ್, ಮುಂಬಯಿಯ ಕಾಸ್ಮಿಕ್ ಹೆಸರುಗಳು ಜಾಹೀರಾತಿನಲ್ಲಿ ಓಡಾಡಿದವು. ಅವು ಕೈಗೆಟುಕದ ಕಡೆ ಊರಿನ ಮೆಕ್ಯಾನಿಕ್ಕೇ ಸೆಟ್ಟು ಕಟ್ಟಿಕೊಟ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬೋರ್ಡು, ಟ್ರಾನ್ಸ್‌ಫಾರ್ಮರು ಬಿಡಿಯಾಗಿ ಸಿಗುತ್ತಿದ್ದವು. ಸಾನ್ಯೊ ಕಂಪನಿಯ ಎಲ್‌ಎ 4440 ಎಂಬ ಐಸಿ ಹಾಕಿದ ‘ಫೋರ್ ಫೋರ್ ಫಾರ್ಟಿ’ ಬೋರ್ಡು ಈ ಕಸುಬಿನವರಿಗೆ ಮನೆಮಾತು; 12 ವೋಲ್ಟಿನ ಬ್ಯಾಟರಿಯಲ್ಲೂ ನಡೆದು ಎಡಬಲ ಆರಾರು ವಾಟ್ ಕೊಡುತ್ತದೆ. ಇದಕ್ಕೆ ಸ್ಥಳೀಯ ಬಡಗಿ ಪ್ಲೈವುಡ್ಡಿನ ಡಬ್ಬ ಮಾಡಿಕೊಟ್ಟರೆ ಮುಗಿಯಿತು. ಡಬ್ಬಕ್ಕೂ ದುಡ್ಡಿಲ್ಲದವರು ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಬೋರಲು ಹಾಕಿ ‘ಬೇಸ್’ ಹುಟ್ಟಿಸಿದರು. ಇದರಲ್ಲಿ ವಿಜ್ಞಾನವಿದೆ: ಕೋನಿನ ಹಿಂದಿನ ಗಾಳಿಯನ್ನು ಮುಂದಿನ ಗಾಳಿಯ ಜೊತೆ ಬೆರೆಯದಂತೆ ತಡೆದರೆ ತಗ್ಗಿನ ಸದ್ದು ಉಳಿಯುತ್ತದೆ. ಸ್ಟೀರಿಯೊದ ಗತಿ ಮಾತ್ರ ಬೇರೆ. ಎಷ್ಟೋ ಮನೆಗಳಲ್ಲಿ ಒಂದು ಸ್ಪೀಕರ್ ನಡುಮನೆಯಲ್ಲಿ, ಇನ್ನೊಂದು ಪಡಸಾಲೆಯಲ್ಲಿ ಇರುತ್ತಿದ್ದುದರಿಂದ ಬ್ಲಮ್‌ಲೈನನ ಎಡಬಲಗಳು ಒಂದೇ ಕೇಳುಗನ ಕಿವಿಗೆ ಸೇರುತ್ತಲೇ ಇರಲಿಲ್ಲ.

ಹಳೆಯದನ್ನು ಅವಸರದಲ್ಲಿ ಬಿಟ್ಟದ್ದು 1990ರ ದಶಕದಲ್ಲಿ. 1991ರ ಆರ್ಥಿಕ ನೀತಿಯ ನಂತರ ಸೋನಿ 1994ರಲ್ಲಿ, ಸ್ಯಾಮ್‌ಸಂಗ್ 1995ರಲ್ಲಿ, ಎಲ್‌ಜಿ 1997ರಲ್ಲಿ ಇಲ್ಲಿ ಕಂಪನಿ ತೆರೆದವು. ಪೆಟ್ಟಿಗೆಗಳ ಮೇಲೆ ‘ಪಿ.ಎಂ.ಪಿ.ಒ.’ ಎಂಬ ಅಕ್ಷರಗಳ ಪಕ್ಕ ಸಾವಿರಗಟ್ಟಲೆ ವಾಟಿನ ಅಂಕಿ ಬಂತು. ಅದು ಕ್ಷಣಮಾತ್ರದ ಗರಿಷ್ಠವನ್ನು ಎಲ್ಲ ಸ್ಪೀಕರುಗಳಿಗೂ ಕೂಡಿಸಿ ಬರೆದ ಜಾಹೀರಾತಿನ ಅಂಕಿ. ನಿರಂತರವಾಗಿ ಕೊಡುವ ನಿಜವಾದ ಶಕ್ತಿ, ಅಂದರೆ ಆರ್.ಎಂ.ಎಸ್., ಅದರ ಚಿಕ್ಕ ಪಾಲಷ್ಟೇ. ಮರದ ಡಬ್ಬದ, ಹತ್ತಿಪ್ಪತ್ತು ವಾಟಿನ ಒಳ್ಳೆಯ ಸೆಟ್ಟನ್ನು ಕೊಟ್ಟು ಬೆಳ್ಳಿಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆ ತಂದವರು ಹೆಚ್ಚಿನ ಸದ್ದನ್ನೂ ಪಡೆಯಲಿಲ್ಲ, ಒಳ್ಳೆಯ ಸದ್ದನ್ನೂ ಕಳೆದುಕೊಂಡರು. ಈ ನೂರು ವರ್ಷದ ಬದಲಾವಣೆಗಳಲ್ಲಿ ನಿಜಕ್ಕೂ ನಷ್ಟದ್ದು ಎಂದರೆ ಇದೇ.

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಹೊರತಂದ ಸಿ.ಡಿ. ಇಲ್ಲಿ ನೆಲೆ ನಿಲ್ಲುವ ಮೊದಲೇ ಎಂಪಿ3 ಬಂತು. ನೂರಕ್ಕೂ ಹೆಚ್ಚು ಹಾಡು ಒಂದೇ ತಟ್ಟೆಯಲ್ಲಿ. ಆಮೇಲೆ ಪೆನ್‌ಡ್ರೈವು, ಮೆಮೊರಿ ಕಾರ್ಡು, ಮೊಬೈಲು. ಹೊಸ ಕ್ಯಾಸೆಟ್ಟು ಬರುವುದು ನಿಂತಿತು.

ಇಷ್ಟಾದರೂ ಹಳೆಯ ಸೆಟ್ಟು ಪೂರ್ತಿಯಾಗಿ ಹಳತಾಗುವುದಿಲ್ಲ. ಅದರ ಭಾಗಗಳಿಗೆ ಬೇರೆ ಬೇರೆ ಆಯುಸ್ಸು. ಮೊದಲು ಸೋಲುವುದು ರಬ್ಬರು. ಕ್ಯಾಸೆಟ್ಟು ತಿರುಗಿಸುವ ಬೆಲ್ಟ್ ಸಡಿಲಾಗಿ ಹಾಡು ಎಳೆದಂತಾಗುತ್ತದೆ, ಆಮೇಲೆ ಅದು ಕರಗಿ ಕಪ್ಪು ಅಂಟಾಗುತ್ತದೆ. ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ರೋಲರು ಗಟ್ಟಿಯಾದರೆ ಟೇಪು ಸುತ್ತಿಕೊಳ್ಳುತ್ತದೆ. ಅದರಲ್ಲೂ ತೊಂಬತ್ತು ನಿಮಿಷದ ಕ್ಯಾಸೆಟ್ಟಿನ ತೆಳು ಟೇಪಿಗೆ ಈ ಗಂಡಾಂತರ ಹೆಚ್ಚು. ಬಯಲುಸೀಮೆಯ ಧೂಳು ವಾಲ್ಯೂಮ್ ಗುಂಡಿಯೊಳಗೆ ಸೇರಿ ತಿರುಗಿಸಿದಾಗ ಕರಕರ ಎನ್ನುತ್ತದೆ, ಕ್ಲೀನರ್ ಸಿಂಪಡಿಸಿದರೆ ಹೋಗುತ್ತದೆ. ವರ್ಷಗಳು ಕಳೆದಂತೆ, ಬಿಸಿಲ ಸೆಕೆಗೆ ಇನ್ನೂ ಬೇಗ, ಕೆಪಾಸಿಟರುಗಳೊಳಗಿನ ದ್ರವ ಒಣಗುತ್ತದೆ; ಆಗ ‘ಹುಂ’ ಎಂಬ ಗುಂಯ್‌ಗುಡುವಿಕೆ ಶುರು. ಅದೂ ಅಗ್ಗದ ರಿಪೇರಿಯೇ. ಟ್ರಾನ್ಸ್‌ಫಾರ್ಮರಿನ ತಾಮ್ರ, ಸ್ಪೀಕರಿನ ಅಯಸ್ಕಾಂತ ಇವು ಮಾಲೀಕರಿಗಿಂತ ಹೆಚ್ಚು ಬಾಳಬಲ್ಲವು. ಸ್ಪೀಕರಿನಲ್ಲಿ ನೋಡಬೇಕಾದದ್ದು ಕೋನಿನ ಅಂಚು. ಅಂಚು ಸ್ಪಂಜಿನದಾದರೆ ಮುಟ್ಟಿದರೆ ಉದುರುತ್ತದೆ, ಬಟ್ಟೆಯದೋ ಕಾಗದದ್ದೋ ಆದರೆ ನಲವತ್ತು ವರ್ಷದ ಮೇಲೂ ಗಟ್ಟಿಯಾಗಿರುವುದುಂಟು.

ರಿಪೇರಿ ಅಂಗಡಿಗಳು ಕಂಡುಕೊಂಡ ಉಪಾಯ ಈ ಆಯುಸ್ಸಿನ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಹಳೆಯ ಸೆಟ್ಟಿನ ಕ್ಯಾಸೆಟ್ ಬಾಗಿಲನ್ನೂ ಒಳಗಿನ ಮೋಟಾರನ್ನೂ ತೆಗೆದು, ಆ ಕಿಂಡಿಗೆ ‘ಬ್ಲೂಟೂತ್ ಕಿಟ್’ ಕೂರಿಸುತ್ತಾರೆ: ಅಂಗೈಗಿಂತ ಚಿಕ್ಕ ಬೋರ್ಡು, ಮುಂದೆ ನೀಲಿಯೋ ಕೆಂಪೋ ಅಂಕಿ ಮಿನುಗುವ ಫಲಕ, ಪೆನ್‌ಡ್ರೈವಿಗೆ ಒಂದು ಕಂಡಿ, ಜೊತೆಗೊಂದು ಪುಟ್ಟ ರಿಮೋಟು. ಆಂಪ್ಲಿ ಹಳೆಯದೇ, ಸ್ಪೀಕರ್ ಹಳೆಯದೇ, ಹಾಡು ಫೋನಿನದು. ನೋಡಲು ಅಷ್ಟು ಚೆಂದವಿರುವುದಿಲ್ಲ. ಸುತ್ತಲಿನ ಸಂದಿಗೆ ಎಂಸೀಲ್ ಮೆತ್ತಿದ್ದು ಕಾಣುತ್ತಿರುತ್ತದೆ. ಹಳೆಯ ವಸ್ತು ಸಂಗ್ರಹಿಸುವವರಿಗೆ ಇದು ಕೊಲೆಯಂತೆ ಕಂಡೀತು. ದಿನವೂ ಹಾಡು ಕೇಳುವ ಮನೆಗೆ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಬುದ್ಧಿವಂತಿಕೆಯ ದಾರಿ ಇಲ್ಲ. ಹಳೆಯ ಆಂಪ್ಲಿಗೆ ‘ಆಕ್ಸ್’ ತೂತು ಇದ್ದರಂತೂ ಏನನ್ನೂ ಕೀಳದೆ ಒಂದು ವೈರಿನಲ್ಲೇ ಕೆಲಸ ಆಗುತ್ತದೆ.

ಎಲ್ಲವನ್ನೂ ಒಗೆಯದೆ, ಎಲ್ಲವನ್ನೂ ಉಳಿಸದೆ, ಸೋತದ್ದನ್ನಷ್ಟೇ ಬದಲಿಸುವ ರೀತಿಗೆ ಈ ಸೀಮೆಯಲ್ಲಿ ಸಾವಿರ ವರ್ಷದ ಮಾದರಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ 3,469 ಅಡಿ ಎತ್ತರದ, ಉದ್ದನೆಯ ಬೆಟ್ಟ. ಸೀತೆಯನ್ನು ಬಿಡಿಸಲು ಹೋದ ಜಟಾಯು ಬಿದ್ದ ಜಾಗವೆಂದು ಸ್ಥಳಪುರಾಣ. ಅದರ ಮೇಲಿನ ರಾಮೇಶ್ವರ ಗುಡಿ ಮೊದಲು ಇಟ್ಟಿಗೆಯದಾಗಿತ್ತು. 962ರಲ್ಲಿ ಅದನ್ನು ಕಲ್ಲಿನಲ್ಲಿ ಕಟ್ಟಿದರು. ಗೋಡೆ ಬದಲಾಯಿತು, ದೇವರೂ ನೆಲೆಯೂ ಹಾಗೇ ಉಳಿದವು.

ಪೂರ್ತಿ ಬಿಡಲೇಬೇಕಾದ ಸೆಟ್ಟುಗಳೂ ಇವೆ. ಸ್ಪೀಕರಿನ ಕಾಯಿಲ್ ಸುಟ್ಟು, ಟ್ರಾನ್ಸ್‌ಫಾರ್ಮರೂ ಹೋಗಿ, ಮೇಲಿನ ಪ್ಲಾಸ್ಟಿಕ್ ಒಡೆದದ್ದರ ರಿಪೇರಿಗೆ ಹಾಕಿದ ದುಡ್ಡು ವಾಪಸು ಬರುವುದಿಲ್ಲ. ಅಂಥದ್ದು ಗುಜರಿಯವನ ಕೈಗೆ ಹೋದರೆ ತಾಮ್ರ, ಕಬ್ಬಿಣ ಬೇರೆಯಾಗಿ, ಉಳಿದದ್ದು ಬೆಂಕಿಗೋ ತಿಪ್ಪೆಗೋ ಬೀಳುತ್ತದೆ. ಬೋರ್ಡಿನ ಬೆಸುಗೆಯಲ್ಲಿ ಸೀಸವಿರುತ್ತದೆ. ಇ-ತ್ಯಾಜ್ಯದ ನಿಯಮಗಳು ದೇಶದಲ್ಲಿ 2012ರಿಂದ ಜಾರಿಯಲ್ಲಿವೆ. ಅದಕ್ಕೂ ಮೊದಲೇ, 2005ರಲ್ಲಿ, ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ ಇಂಥ ಸಾಮಾನನ್ನು ಕ್ರಮಬದ್ಧವಾಗಿ ಬಿಡಿಸುವ ಕೆಲಸ ಆರಂಭಿಸಿತ್ತು. ಸಣ್ಣ ಊರುಗಳಲ್ಲಿ ಇಂದಿಗೂ ಗುಜರಿ ಗಾಡಿಯೇ ಹತ್ತಿರದ್ದು.

ಟೇಪ್ ಡೆಕ್ಕಿನ ವಿಷಯದಲ್ಲಿ ಮಾತ್ರ ಇನ್ನೊಂದು ಲೆಕ್ಕ ಹಿಡಿಯಬೇಕು. ಅಂಗಡಿಯಿಂದ ತಂದ ಕ್ಯಾಸೆಟ್ಟಿನ ಹಾಡು ಇವತ್ತಲ್ಲ ನಾಳೆ ಬೇರೆಡೆ ಸಿಕ್ಕೀತು. ಮನೆಯಲ್ಲೇ ರೆಕಾರ್ಡ್ ಮಾಡಿದ್ದು ಸಿಗುವುದಿಲ್ಲ. ಸೋಬಾನೆ ಪದ, ಊರ ನಾಟಕದ ತಾಲೀಮು, ಮಗುವಿನ ತೊದಲು, ತೀರಿಹೋದ ಅಜ್ಜಿಯ ದನಿ ಇವೆಲ್ಲ ಖಾಲಿ ಕ್ಯಾಸೆಟ್ಟುಗಳಿಗೆ ಸೇರಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದ ಹಿರಿಯ ಜನಪದ ಗಾಯಕಿ. ಆಕೆಯ ಪದಗಳನ್ನು ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರು ಸಂಗ್ರಹಿಸಿ ಪುಸ್ತಕಕ್ಕೆ ತಂದರು. ವಿದ್ವಾಂಸರು ತಲುಪದ ಹಟ್ಟಿಗಳ ಹಾಡು ಎಲ್ಲಾದರೂ ಉಳಿದಿದ್ದರೆ ಅದು ಮನೆಮನೆಯ ಟ್ರಂಕಿನ ಕ್ಯಾಸೆಟ್ಟಿನಲ್ಲಿ.

ಎರಡನೆಯ ಪ್ರತಿಯಿಲ್ಲದ್ದು ಅಳಿದೇ ಹೋಗುತ್ತದೆ ಎಂಬುದಕ್ಕೂ ಜಟಿಂಗ ರಾಮೇಶ್ವರದಲ್ಲೇ ಒಂದು ಸಾಕ್ಷಿಯಿದೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಇಡುತ್ತಿದ್ದ ಬಂಡೆಗೆ ಬಳೆಗಾರನ ಗುಂಡು ಎಂದೇ ಹೆಸರು. ಅದರ ಮೇಲೆ ಅಶೋಕನ ಶಾಸನ ಇರುವುದನ್ನು ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಕಂಡುಹಿಡಿಯುವ ಹೊತ್ತಿಗೆ ಬಹಳಷ್ಟು ಅಕ್ಷರಗಳು ಸವೆದುಹೋಗಿದ್ದವು. ಅಲ್ಲಿ ಏನು ಬರೆದಿತ್ತೆಂದು ಇವತ್ತು ತಿಳಿಯಲು ಸಾಧ್ಯವಾಗಿರುವುದು ಅದೇ ಶಾಸನದ ಬೇರೆ ಪ್ರತಿಗಳು ಹತ್ತಿರದ ಬ್ರಹ್ಮಗಿರಿಯಲ್ಲೂ ಸಿದ್ದಾಪುರದಲ್ಲೂ ಉಳಿದಿದ್ದರಿಂದ. ಮನೆಯ ಕ್ಯಾಸೆಟ್ಟಿಗೆ ಅಂಥ ಎರಡನೆಯ ಪ್ರತಿ ಇರುವುದಿಲ್ಲ. ಟೇಪಿಗೆ ಬೂಷ್ಟು ಹಿಡಿದರೆ ಅಥವಾ ಲೇಪ ಉದುರಿದರೆ ಅಲ್ಲಿಗೆ ಮುಗಿಯಿತು. ಆದುದರಿಂದ ಡೆಕ್ಕು ಇರುವ ಮನೆಯವರು ಮೊದಲು ಹೊಸ ಬೆಲ್ಟ್ ಹಾಕಿಸಿ, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರು ಕೊಟ್ಟು ಆ ಕ್ಯಾಸೆಟ್ಟುಗಳನ್ನೆಲ್ಲ ಪ್ರತಿ ಮಾಡಿಕೊಳ್ಳಬೇಕು. ಡೆಕ್ಕನ್ನು ಗುಜರಿಗೆ ಹಾಕುವ ಯೋಚನೆ ಅದಾದ ಮೇಲೆ ಮಾಡಿದರಾಯಿತು.